ಬಸಿದ ನೀರು

ಹುಣಸೂರಿನ ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರದ ಮೇಡಂ. ಎಲೆಯ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿರುತ್ತವೆ, ಒಂದೊಂದು ಬಾಯಿಗೂ ತುಟಿಯ ಹಾಗೆ ಎರಡು ಜೀವಕೋಶ. ಬೆಳಕು ಬಿದ್ದಾಗ ಆ ಕೋಶಗಳ ಪೊರೆಯಲ್ಲಿರುವ ಪೊಟ್ಯಾಸಿಯಂ ಬಾಗಿಲುಗಳು ತೆರೆಯುತ್ತವೆ. ಪೊಟ್ಯಾಸಿಯಂ ಒಳಗೆ ಹೋಗುತ್ತದೆ, ಅದರ ಹಿಂದೆಯೇ ನೀರು ಹೋಗುತ್ತದೆ, ತುಟಿಗಳು ಉಬ್ಬಿ ಬಾಯಿ ತೆರೆದುಕೊಳ್ಳುತ್ತದೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಇಷ್ಟನ್ನು ಹೇಳಬಲ್ಲೆ. ದೊಡ್ಡ ಪಂಡಿತೆ ನಾನು!

ಅಪ್ಪನ ಮೂತ್ರಪಿಂಡ ಕೆಟ್ಟಾಗ ಡಾಕ್ಟರು ಹೇಳಿದ್ದೂ ಪೊಟ್ಯಾಸಿಯಂ ವಿಷಯವನ್ನೇ. ಮೈಯಲ್ಲಿ ಅದು ಏರಿದರೆ ಹೃದಯ ನಿಂತುಹೋಗಬಹುದು, ಎಳನೀರು ಬಾಳೆಹಣ್ಣು ಬೇಡ, ಸೊಪ್ಪನ್ನು ಬೇಯಿಸಿ ಬಸಿದು ಕೊಡಿ ಎಂದರು. ನಮ್ಮೂರು ಕಟ್ಟೆಮಳಲವಾಡಿಯ ಮನೆಗೆ ಬಂದು ಅವ್ವನಿಗೆ ಅಷ್ಟನ್ನೇ ಒಪ್ಪಿಸಿದೆ. ಬಸ್ಸಿಗೆ ಹೊತ್ತಾಗಿತ್ತು. “ಸೊಪ್ಪು ಬಸ್ದು ಇಕ್ಕವ್ವ” ಎಂದು ಹೊರಟೆ.

ಅಪ್ಪ ಎಳನೀರು ಬಿಟ್ಟ, ಬಾಳೆಹಣ್ಣು ಬಿಟ್ಟ. ಫೋನಿನಲ್ಲಿ ಕೇಳಿದಾಗಲೆಲ್ಲ ಅವ್ವ ಬಸಿದೇ ಇಕ್ಕುತ್ತಿದ್ದೇನೆ ಅನ್ನುತ್ತಿದ್ದಳು. ನನಗೋ ಪರೀಕ್ಷೆಯ ಕೆಲಸ, ಊರಿಗೆ ಹೋದರೂ ಕೂತು ಉಣ್ಣುವಷ್ಟು ಪುರುಸೊತ್ತಿಲ್ಲ. ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ, ಹೊಗೆಸೊಪ್ಪಿನ ಹೊಲದ ಬದುವಿನಲ್ಲಿ ಕೂತಿದ್ದ ಅಪ್ಪ ಹಾಗೇ ಒರಗಿಬಿಟ್ಟ. ಆಸ್ಪತ್ರೆಯಲ್ಲಿ ರಕ್ತ ನೋಡಿ ಪೊಟ್ಯಾಸಿಯಂ ವಿಪರೀತ ಏರಿದೆ ಎಂದರು. ಸಂಜೆಗೆ ಅಪ್ಪ ಇರಲಿಲ್ಲ.

ತಿಥಿಯಾದ ಮೂರನೇ ದಿನ ಅವ್ವ ಒಲೆಯ ಮೇಲೆ ಕೀರೆಸೊಪ್ಪು ಬೇಯಿಸಿ, ತಟ್ಟೆ ಅಡ್ಡ ಹಿಡಿದು ಬಸಿದಳು. ಸೊಪ್ಪನ್ನು ಒಗ್ಗರಣೆಗೆ ಎತ್ತಿಟ್ಟು, ಬಸಿದ ಹಸಿರು ನೀರಿಗೆ ಖಾರ ರುಬ್ಬಿ ಹಾಕಿ ಬಸ್ಸಾರು ಕುದಿಸಿದಳು. ನಮ್ಮ ಕಡೆ ಬಸಿಯುವುದೆಂದರೆ ಅದೇ. ಆ ನೀರನ್ನು ಚೆಲ್ಲುವ ಹೆಂಗಸು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ಬೇಯುವಾಗ ಸೊಪ್ಪಿನ ಪೊಟ್ಯಾಸಿಯಂ ಇಳಿಯುವುದೂ ಆ ನೀರಿಗೇ. ಅಪ್ಪ ದಿನಾ ಮುದ್ದೆ ಮುರಿದು ಅದ್ದಿ ನುಂಗಿದ್ದು ಅದನ್ನೇ. ನೀರು ಚೆಲ್ಲವ್ವ ಎಂಬ ಒಂದು ಮಾತು ನನ್ನ ಬಾಯಿಂದ ಬಂದಿರಲಿಲ್ಲ. ನನ್ನ ಓದಿಗಿಷ್ಟು ಬೆಂಕಿ ಹಾಕ.

ಅವ್ವ ನನ್ನ ಮುದ್ದೆಯ ಪಕ್ಕ ಸಾರು ಬಿಟ್ಟು ಎದುರಿಗೆ ಕೂತಳು.

“ಒಂದಿನಾನೂ ತಪ್ಪಿಸ್ನಿಲ್ಲ ಕಣವ್ವ. ನೀನೇಳ್ದಂಗೇ ಬಸ್ದು ಇಕ್ದೆ. ಇನ್ನೇನ್ ಮಾಡ್ಬೇಕಿತ್ತು ನಾನು?”

ನಿಜ ಹೇಳಿದರೆ ಅವಳು ಉಳಿಯುವುದಿಲ್ಲ.

“ಸರಿಯಾಗೇ ಮಾಡ್ದೆ ಬುಡವ್ವ” ಎಂದೆ. ಅವಳು ನಂಬಲಿ ಎಂದು ಇನ್ನೊಂದು ಸೌಟು ಹಾಕಿಸಿಕೊಂಡೆ.