ಹೆದ್ದಾರಿಯ ಗೂಟಕ್ಕೆ ಕಟ್ಟಿದ ಕರು

ನಮ್ಮ ಮನೆಗೆ ಎರಡು ಮುಂಬಾಗಿಲು. ಮೊದಲ ಸಲ ಬಂದವರು ಚಪ್ಪಲಿ ಎಲ್ಲಿ ಬಿಡಬೇಕೆಂದು ತಿಳಿಯದೆ ಮನೆಗೆ ಒಂದು ಸುತ್ತು ಹಾಕುತ್ತಾರೆ. ಇದು ಹಿರಿಯರ ಶೋಕಿಯೇನಲ್ಲ, ರಸ್ತೆ ಮಾಡಿದ ಕೆಲಸ.

ಹಾಲಾಡಿ ಪೇಟೆಯಿಂದ ಸ್ವಲ್ಪ ದೂರದಲ್ಲಿ, ಹೊಳೆಯ ದಂಡೆಗಿಂತ ತುಸು ಎತ್ತರದಲ್ಲಿ ನಮ್ಮ ಮನೆ. ಅಜ್ಜಿಯ ಕಾಲದಲ್ಲಿ ರಸ್ತೆಯೆಂದರೆ ಗದ್ದೆಯಂಚಿನ ಗಾಡಿದಾರಿ. ಅದು ನೆಟ್ಟಗೆ ಹೋಗಿ ದೋಣಿ ದಾಟಿಸುವ ಕಡವಿನಲ್ಲಿ ಮುಗಿಯುತ್ತಿತ್ತು. ಕುಂದಾಪುರದ ಬಸ್ಸು ಈಚೆ ದಡದಲ್ಲಿ ಜನರನ್ನು ಇಳಿಸುತ್ತಿತ್ತು. ಅವರು ಮೀನಿನ ಬುಟ್ಟಿ, ಕೋಳಿ, ಮಕ್ಕಳ ಸಮೇತ ದೋಣಿ ಹತ್ತಿ ಆಚೆ ದಡದಲ್ಲಿ ಕಾಯುವ ಇನ್ನೊಂದು ಬಸ್ಸು ಹಿಡಿಯುತ್ತಿದ್ದರು. ದೋಣಿಯವನು ಊಟಕ್ಕೆ ಹೋಗಿದ್ದರೆ ಎರಡೂ ಬಸ್ಸಿನ ಜನ ನಮ್ಮ ಜಗಲಿಯಲ್ಲಿ ಕೂತು ನೀರು, ಬೆಲ್ಲ ಕೇಳುತ್ತಿದ್ದರಂತೆ. ಆಗ ನಮ್ಮ ಮನೆಯ ಮುಖ ಗದ್ದೆಯ ಕಡೆಗಿತ್ತು.

ಆಮೇಲೆ ಹೊಳೆಯ ಮೇಲ್ಭಾಗದಲ್ಲಿ ಸೇತುವೆಯಾಯಿತು. ರಸ್ತೆ ಗದ್ದೆಯನ್ನು ಬಿಟ್ಟು, ನಮ್ಮ ಹಿತ್ತಲಿನ ಗುಡ್ಡ ಹತ್ತಿ, ದೊಡ್ಡದೊಂದು ತಿರುವು ಹಾಕಿ ಆ ಸೇತುವೆಗೆ ಹೋಯಿತು. ಆಗ ಮನೆಯ ಯಜಮಾನರಾಗಿದ್ದವರು ಅಮ್ಮನ ಸೋದರಮಾವ. ಬಸ್ಸಿನಲ್ಲಿ ಹೋಗುವವರಿಗೆ ನಮ್ಮ ಬಚ್ಚಲು ಕಾಣುತ್ತದೆ ಎಂಬುದೇ ಅವರಿಗೆ ದೊಡ್ಡ ಅವಮಾನವಾಯಿತು. ಹಿತ್ತಲ ಗೋಡೆ ಒಡೆಸಿ ಬಾಗಿಲಿಟ್ಟರು, ಜಗಲಿ ಕಟ್ಟಿಸಿದರು, ಬಚ್ಚಲನ್ನು ಗದ್ದೆಯ ಬದಿಗೆ ಸಾಗಿಸಿದರು. ನಾನು ಹೈಸ್ಕೂಲಿನಲ್ಲಿದ್ದಾಗ ಯಾರೋ ಬಂದು ಮೈಲಿಗಲ್ಲಿನ ತಲೆಗೆ ಹಸಿರು ಬಣ್ಣ ಬಳಿದು ಹೋದರು. ಅಂದಿನಿಂದ ನಾವು ರಾಜ್ಯ ಹೆದ್ದಾರಿಯ ಬದಿಯವರಾದೆವು. ಹೊಂಡಗಳು ಮಾತ್ರ ಹಳೆಯವೇ ಇದ್ದವು.

ಮೂವತ್ತು ವರ್ಷ ಟೀಚರಾಗಿದ್ದು ನಿವೃತ್ತಳಾದ ಮೇಲೆ ನಾನು ಎರಡು ದನ ಕಟ್ಟಿಕೊಂಡು ಅಮ್ಮನ ಜೊತೆ ಇದೇ ಮನೆಯಲ್ಲಿದ್ದೇನೆ. ಅದೇ ಅಂಗಳದ ಇನ್ನೊಂದು ಬದಿಯಲ್ಲಿ ಅಣ್ಣಯ್ಯನ ಮನೆ. ಅವನು ನನ್ನ ದೊಡ್ಡಮ್ಮನ ಮಗ, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು. ಮುಂಬಯಿಯ ಕ್ಯಾಂಟೀನಿನಲ್ಲಿ ಆಯುಷ್ಯ ಕಳೆದು ಊರಿಗೆ ಬಂದು ಆ ಮನೆ ಕಟ್ಟಿಸಿದ. ಜಗಲಿಯ ಕಗ್ಗಲ್ಲಿನ ಮೆಟ್ಟಿಲನ್ನು ತಾನೇ ಆರಿಸಿ ತಂದು, ಕೂರಿಸುವಾಗ ಮೂರು ದಿನ ಕೆಲಸದವರ ಬೆನ್ನು ಬಿಟ್ಟಿರಲಿಲ್ಲ. ಎರಡು ಮನೆಗಳ ನಡುವೆ ಬಾವಿಯಿದೆ, ಬಾವಿಯ ಈಚೆಗೆ ನಮ್ಮ ದನದ ಹಟ್ಟಿ.

ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ಮೂರು ಕಾಲಿನ ಯಂತ್ರ ಹೊತ್ತುಕೊಂಡು ಸರ್ವೆಯವರು ಬಂದರು. ತಲೆಗೆ ಕೆಂಪು ಬಣ್ಣ ಬಳಿದ ಗೂಟಗಳನ್ನು ಅಲ್ಲಲ್ಲಿ ಹೊಡೆದರು. ಒಂದು ಗೂಟ ಹಟ್ಟಿಗೂ ಬಾವಿಗೂ ನಡುವೆ ಬಿತ್ತು. ಕೇಳಿದರೆ, ತಿರುವು ನೇರ ಮಾಡುವ ಯೋಚನೆ ಇದೆಯಂತೆ, ತಮಗೆ ಹೆಚ್ಚು ಗೊತ್ತಿಲ್ಲ ಎಂದರು. ಮಜ್ಜಿಗೆ ಕುಡಿದು ಹೊರಟುಹೋದರು.

ಇಲ್ಲಿಂದ ಮುಂದಿನದೆಲ್ಲ ನನ್ನ ಪೆದ್ದುತನ. ಹಟ್ಟಿಯಲ್ಲಿ ಕರು ಕಟ್ಟುವ ಗೂಟಕ್ಕೆ ಗೆದ್ದಲು ಹಿಡಿದಿತ್ತು. ಹಾಲು ಕರೆಯುವ ಹೊತ್ತಿಗೆ ಕರುವನ್ನು ಎಲ್ಲಾದರೂ ಕಟ್ಟಲೇಬೇಕು, ಇಲ್ಲದಿದ್ದರೆ ಡೈರಿಗೆ ಕೊಡಲು ನೊರೆ ಮಾತ್ರ ಉಳಿಯುತ್ತದೆ. ಎದುರಿಗೇ ಸರ್ಕಾರ ಒಳ್ಳೆ ಗಟ್ಟಿ ಮರದ ಗೂಟವೊಂದನ್ನು ಧರ್ಮಕ್ಕೆ ನೆಟ್ಟುಕೊಟ್ಟಿದೆ. ನಮ್ಮ ಕಡೆ ನೆಟ್ಟ ಗೂಟ ಕಂಡರೆ ಹಗ್ಗ ಹಿಡಿದ ಕೈ ಸುಮ್ಮನಿರುವುದಿಲ್ಲ. ಕಟ್ಟಿದೆ.

ಮೂರನೆಯ ದಿನ ತಾಯಿದನ ಕೂಗಿದ್ದೇ ಕರು ಗೂಟವನ್ನೇ ಕಿತ್ತುಕೊಂಡು ಓಡಿತು. ಕೆಂಪು ತಲೆಯ ಗೂಟ ಹಗ್ಗದ ತುದಿಯಲ್ಲಿ ಕುಣಿಯುತ್ತ ಗದ್ದೆಯ ತನಕ ಹೋಯಿತು. ಹಿಡಿದು ತಂದು ನೋಡಿದರೆ ಗೂಟದ ಗುಂಡಿಯೇ ಇಲ್ಲ, ಎಲ್ಲ ತುಳಿದು ಚಪ್ಪಟೆಯಾಗಿದೆ. ಸರ್ಕಾರದ ಗೂಟ ಕಿತ್ತದ್ದಕ್ಕೆ ಯಾವ ಶಿಕ್ಷೆಯೋ ಎಂದು ಹೆದರಿ ಸುತ್ತ ಒಮ್ಮೆ ನೋಡಿದೆ. ಗೂಟ ತೊಳೆದು, ಕತ್ತಲಾದ ಮೇಲೆ ಅಂದಾಜಿನಿಂದ ನೆಟ್ಟು, ಕಲ್ಲಿನಿಂದ ನಾಲ್ಕು ಏಟು ಹಾಕಿ ಒಳಗೆ ಬಂದೆ. ಮರುದಿನ ಬೆಳಕಿನಲ್ಲಿ ಸರಿಯಾಗಿ ನೋಡಿದರೆ ಅದು ಬಾವಿಯನ್ನೂ ದಾಟಿ ನಾಲ್ಕು ಹೆಜ್ಜೆ ಅಣ್ಣಯ್ಯನ ಮನೆಯ ಕಡೆಗಿತ್ತು.

ತೆಗೆದು ಸರಿಮಾಡಬಹುದಿತ್ತು. ಮಾಡಲಿಲ್ಲ. ಮತ್ತೆ ಕಿತ್ತರೆ ಯಾರಾದರೂ ಕಂಡಾರೆಂಬ ಹೆದರಿಕೆ ಒಂದು ಕಾರಣ. ನಮ್ಮ ಹಟ್ಟಿಯಿಂದ ರಸ್ತೆ ಅಷ್ಟು ದೂರ ಹೋಯಿತಲ್ಲ ಎಂಬ ಸಣ್ಣ ಸಮಾಧಾನ ಇನ್ನೊಂದು. ಸತ್ಯ ಹೇಳಬೇಕು ಎಂದು ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದವಳು ನಾನು.

ಅಂದಿನಿಂದ ನಾನು ಆ ಬದಿಗೆ ನೋಡುವುದನ್ನೇ ಬಿಟ್ಟೆ. ಮಳೆ ಹಿಡಿಯಿತು. ಹುಲ್ಲು ಎದೆಮಟ್ಟ ಬೆಳೆದು ಎಲ್ಲವನ್ನೂ ಮುಚ್ಚಿತು. ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ದಿನ ಸರ್ವೆಯ ಬೇರೆ ಇಬ್ಬರು ಬಂದರು. ಅಳೆದರು, ಬರೆದುಕೊಂಡರು. ಹೋಗುವಾಗ ಅಣ್ಣಯ್ಯನ ಜಗಲಿಯ ಕಗ್ಗಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ಒಂದು ಅಡ್ಡಗುರುತು ಹಾಕಿ, ಪಕ್ಕದಲ್ಲಿ ಏನೋ ಅಂಕೆ ಬರೆದರು.

ಹಾಲಾಡಿಯ ಹೋಟೆಲಿನಲ್ಲಿ ಚಾ ಕುಡಿಯುವವರು ಆ ಸಂಜೆಯೇ ತೀರ್ಪು ಕೊಟ್ಟರು. ಬಿಳಿ ಗುರುತು ಬಿದ್ದ ಮನೆ ಉಳಿದದ್ದೇ ಇಲ್ಲವಂತೆ. ಜಗಲಿ ಹೋದರೆ ಚಾವಡಿ, ಚಾವಡಿ ಹೋದರೆ ಮನೆಯೇ ಹೋದ ಹಾಗೆ. ಮಳೆಗೆ ಮೊದಲೇ ಸಂಜೆಯ ಚಾಕ್ಕೆ ನಮ್ಮಲ್ಲಿಗೆ ಬರುವುದನ್ನು ಕಡಿಮೆ ಮಾಡಿದ್ದ ಅಣ್ಣಯ್ಯ ಈಗ ಪೂರ್ತಿ ನಿಲ್ಲಿಸಿದ. ದಿನವಿಡೀ ಆ ಮೆಟ್ಟಿಲ ಮೇಲೆ, ಗುರುತಿನ ಪಕ್ಕದಲ್ಲೇ ಕೂತಿರುತ್ತಿದ್ದ. ನಾನು ಬಾವಿಗೆ ಹೋದಾಗ ತಲೆಯೆತ್ತುತ್ತಿರಲಿಲ್ಲ. ಅವನಿಗೆ ಗೊತ್ತಾಗಿದೆ, ನನ್ನ ಮೇಲೆ ಸಿಟ್ಟು ಎಂದುಕೊಂಡೆ. ನಮ್ಮ ಕರು ಎಳೆದ ರಸ್ತೆ ಅವನ ಮನೆಯ ಮೇಲೆ ಹೋಗುತ್ತಿದೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಕುಂದಾಪುರದ ರಸ್ತೆ ಕಚೇರಿಗೆ ಹೋಗಿ ಕೇಳಿದ್ದರೆ ಒಂದು ದಿನದ ಕೆಲಸ. ಕೇಳಿದರೆ ಗೂಟದ ಸುದ್ದಿ ಹೊರಬರುತ್ತದಲ್ಲ! ನನ್ನ ತಟ್ಟೆಯ ಅನ್ನ ಅರ್ಧಕ್ಕರ್ಧ ದನದ ಬಾನಿಗೆ ಹೋಗುತ್ತಿತ್ತು.

ಹೀಗಿರುವಾಗ ಹೊಸ್ತು ಬಂತು. ಹೊಸ ಬೆಳೆಯ ಅಕ್ಕಿ ಮೊದಲ ಸಲ ಉಣ್ಣುವ ದಿನ. ಬೆಳಿಗ್ಗೆ ಗದ್ದೆಯಿಂದ ಕದಿರು, ಎಂದರೆ ಭತ್ತದ ತೆನೆ, ತಂದು, ಮಾವಿನೆಲೆ, ಹಲಸಿನೆಲೆ ಸೇರಿಸಿ ನಾರಿನಲ್ಲಿ ಸುತ್ತಿ, ಮನೆಗೆ ಸಂಬಂಧಪಟ್ಟದ್ದಕ್ಕೆಲ್ಲ ಕಟ್ಟುತ್ತೇವೆ. ಬಾಗಿಲು, ಬಾವಿಯ ಕಂಬ, ಹಟ್ಟಿ, ತೆಂಗಿನ ಮರ, ಸ್ಕೂಟರು, ಮಿಕ್ಸಿ, ಯಾವುದನ್ನೂ ಬಿಡುವುದಿಲ್ಲ. ಎರಡೂ ಮನೆಗೆ ಒಂದೇ ಹೊಸ್ತು, ನಮ್ಮ ಚಾವಡಿಯಲ್ಲಿ ಊಟ. ಎಲೆಯ ಮುಂದೆ ಕೂತು, ಹೊಸ ಅಕ್ಕಿ ಹಾಕಿದ ಅನ್ನ ಮುಟ್ಟುವ ಮೊದಲು ಕಿರಿಯರು ಹಿರಿಯರ ಮುಖ ನೋಡಿ 'ಹೊಸ್ತ್ ಉಂತೆ', ಹೊಸತು ಉಣ್ಣುತ್ತೇನೆ, ಎಂದು ಅಪ್ಪಣೆ ಕೇಳಬೇಕು. ಅವರು ಉಣ್ಣು ಎಂದ ಮೇಲೇ ಕೈ ಹಾಕುವುದು. ಅಣ್ಣಯ್ಯನ ಮುಖ ನೋಡಿ ಹೇಗೆ ಕೇಳಲಿ ಎಂದು ಆ ದಿನ ಕಾಯಿ ತುರಿಯುತ್ತ ಕೈಯನ್ನೂ ತುರಿದುಕೊಂಡೆ.

ಎಂಬತ್ತೈದು ವರ್ಷದ ಅಮ್ಮ ಕದಿರಿನ ಹರಿವಾಣ ಹಿಡಿದು ಹೊರಗೆಲ್ಲ ಕಟ್ಟುತ್ತ ಹೋಗಿದ್ದಳು. ಹಟ್ಟಿಯ ಹಿಂಬದಿಯಿಂದ ಅವಳ ಕೂಗು ಕೇಳಿತು.

"ಇದೆಂತ, ಸರ್ಕಾರದ್ ಗೂಂಟ ನಮ್ಮ್ ಹಟ್ಟಿ ಗೋಡಿಗೇ ತಾಗ್ಕಂಡ್ ಇತ್ತಲೆ! ಇರ್ಲಿ, ಇದ್ಕೂ ಒಂದ್ ಕದಿರ್ ಕಟ್ತೆ. ನಮ್ಮ್ ಜಾಗದಗೆ ನಿಂತದ್ದ್ ಎಲ್ಲ ನಮ್ಮದೇ."

ನಾನು ಓಡಿದೆ. ಹುಲ್ಲು ಸರಿಸಿ ನೋಡಿದರೆ ಹೌದು, ಗೂಟ ಹಟ್ಟಿಯ ಗೋಡೆಯ ಬುಡದಲ್ಲಿ ನಿಂತಿದೆ. ನಾನು ನೆಟ್ಟದ್ದು ಬಾವಿಯ ಆಚೆಗೆ. ಕರು ಕಿತ್ತಿದ್ದ ಮೊದಲಿನ ಜಾಗವೂ ಇದಲ್ಲ, ಅದು ಬಾವಿಗೆ ಹತ್ತಿರವಿತ್ತು. ತಿರುಗಿದರೆ ಹಿಂದೆ ಅಣ್ಣಯ್ಯ ಹೊಸ ಪಂಚೆಯುಟ್ಟು ನಿಂತಿದ್ದ. ಅವನ ಕಣ್ಣು ನೆಲದ ಮೇಲಿತ್ತು. ಇನ್ನು ತಡೆಯಲು ನನ್ನಿಂದಾಗಲಿಲ್ಲ.

"ಅಣ್ಣಯ್ಯ, ಒಂದ್ ವಿಷ್ಯ ಹೇಳ್ಕ್. ಈ ಗೂಂಟಕ್ಕೆ ಕರು ಕಟ್ಟಿದ್ದ್ ನಾನೇ. ಅದ್ ಕಿತ್ಕಂಡ್ ಓಡ್ತ್. ತಿರ್ಗಿ ನೆಡುವತಿಗೆ ನಿನ್ ಮನಿ ಬದಿಗ್ ಹೋಯ್ತ್. ನಿನ್ ಜಗ್ಲಿಗೆ ಬಣ್ಣ ಬಪ್ಪುಕೆ ನಾನೇ ಕಾರಣ."

ಅವನು ಗೂಟದ ಬುಡದ ಹುಲ್ಲನ್ನು ಕಾಲಿನಿಂದ ಒತ್ತಿದ. ಆಮೇಲೆ ನಿಧಾನವಾಗಿ, "ನೀ ನೆಟ್ಟದ್ದ್ ನಂಗೊತ್ತಿತ್ತ್ ಹೆಣೆ," ಎಂದ. ಹೆಣೆ ಎಂದರೆ ಹುಡುಗಿ, ಚಿಕ್ಕಂದಿನಿಂದ ಅವನು ನನ್ನನ್ನು ಕರೆಯುವುದೇ ಹಾಗೆ. "ಮರ್ದಿನವೇ ಕಂಡಿದ್ದೆ. ಒಂದ್ ವಾರ ಟೆನ್ಶನ್, ನಿದ್ರಿ ಇಲ್ಲ. ಕಡಿಗೆ ಒಂದಿನ ಬೆಳ್ಗಾತ ಎದ್ದ್, ಅದನ್ನ್ ಕಿತ್ತ್ ತಂದ್ ನಿಮ್ ಹಟ್ಟಿ ಬುಡಕ್ಕೆ ಹೊಡ್ದೆ. ನೀ ಆದ್ರೂ ಅಂದಾಜ್ ತಪ್ಪಿ ನೆಟ್ಟದ್ದ್. ನಾನ್ ಬೇಕಂದೇ ಹೊಡ್ದದ್ದ್. ಅದಾದ್ ಮೇಲೆ ನಿನ್ ಮುಖ ಕಾಂಬುಕೆ ಆಯ್ಲಿಲ್ಲ."

ಇಬ್ಬರೂ ಮುದುಕರಾಗುತ್ತ ಬಂದವರು, ಹಬ್ಬದ ಬಟ್ಟೆ ಉಟ್ಟುಕೊಂಡು ಹಟ್ಟಿಯ ಪಕ್ಕದಲ್ಲಿ ಕಳ್ಳರ ಹಾಗೆ ನಿಂತಿದ್ದೆವು. ನನಗೆ ಅಳು ಬಂತು. ಸಿಟ್ಟೂ ಬಂತು, ನಮ್ಮ ಹಟ್ಟಿಯೇ ಬೇಕಿತ್ತೇ ಇವನಿಗೆ ಎಂದು. ಅಮ್ಮ ಮಾತ್ರ ಗಂಟು ಬಿಗಿಯುತ್ತಲೇ ಇದ್ದಳು. ಕಟ್ಟಿ ಮುಗಿಸಿ ಸೊಂಟ ನೆಟ್ಟಗೆ ಮಾಡಿಕೊಂಡು ನಮ್ಮಿಬ್ಬರನ್ನೂ ನೋಡಿದಳು.

"ಅಲ್ದಾ ಮಕ್ಳೇ, ಗೂಂಟ ಇಪ್ಪುದ್ ಇಲ್ಲಿ, ನಮ್ಮ್ ಹಟ್ಟಿ ಬುಡದಗೆ. ಬಣ್ಣ ಬಿದ್ದದ್ದ್ ಅಲ್ಲಿ, ಇವ್ನ ಜಗ್ಲಿ ಮೇಲೆ. ಹಂಗಾರೆ ಇದ್ಕೂ ಅದ್ಕೂ ಎಂತ ಸಂಬಂಧ?"

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಇಷ್ಟು ದಿನ ಇಬ್ಬರೂ ಬೇರೆ ಬೇರೆ ಕೂತು ಕೊರಗಿದ್ದರಿಂದ ಈ ಸರಳ ಲೆಕ್ಕ ಯಾರಿಗೂ ಹೊಳೆದಿರಲಿಲ್ಲ. ಆ ದಿನದ ಊಟಕ್ಕೆ ಅಪ್ಪಣೆಯನ್ನೇನೋ ಕೇಳಿದೆ, ದನಿ ಅರ್ಧ ಹೊರಬಂತು. ಅವನು ತಲೆಯಾಡಿಸಿದ ಅಷ್ಟೇ. ಮನೆ ಉಳಿಯುತ್ತದೋ ಇಲ್ಲವೋ ಇನ್ನೂ ಗೊತ್ತಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಇಬ್ಬರೂ ಕುಂದಾಪುರಕ್ಕೆ ಹೋದೆವು. ಕಚೇರಿಯಲ್ಲಿದ್ದ ಇಂಜಿನಿಯರು ನನ್ನ ಶಿಷ್ಯೆಯ ಪ್ರಾಯದ ಹುಡುಗಿ. ದೊಡ್ಡ ನಕ್ಷೆ ಬಿಡಿಸಿ ಮೇಜಿನ ಮೇಲಿಟ್ಟಳು. ಹಳೆಯ ಸೇತುವೆಯನ್ನೇ ಅಗಲ ಮಾಡಿ ತಿರುವು ನೇರ ಮಾಡುವ ಯೋಚನೆಯಿದ್ದಾಗ ಗೂಟ ಹೊಡೆದದ್ದಂತೆ. ಆ ಯೋಚನೆ ಬಿದ್ದುಹೋಗಿದೆ. ಈಗ ಹಳೆಯ ಕಡವಿನ ಜಾಗದಲ್ಲೇ ಹೊಸ ಸೇತುವೆ, ರಸ್ತೆ ಗದ್ದೆಯಂಚಿನಲ್ಲಿ ನೆಟ್ಟಗೆ ಹೋಗುತ್ತದೆ. ನಮ್ಮ ತಿರುವಿನ ಸುದ್ದಿಗೇ ಯಾರೂ ಬರುವುದಿಲ್ಲ.

ಅಣ್ಣಯ್ಯ ನಕ್ಷೆಯ ಮೇಲೆ ಬಗ್ಗಿ, "ನನ್ ಜಗ್ಲಿ ಮೇಲೆ ಬಿಳಿ ಗುರ್ತ್ ಹಾಕೀರಲೆ?" ಎಂದು ಕೇಳಿದ.

"ಅದಾ? ಎತ್ತರ ಅಳೆಯೋದಕ್ಕೆ ಅಲ್ಲಾಡದ ಜಾಗ ಒಂದು ಬೇಕಾಗ್ತದೆ ಅಂಕಲ್. ಆ ಸುತ್ತಮುತ್ತ ನಿಮ್ಮ ಮೆಟ್ಟಿಲಿನಷ್ಟು ಗಟ್ಟಿ ಕಲ್ಲು ಇನ್ನೊಂದಿರಲಿಲ್ಲವಂತೆ," ಎಂದಳು ಅವಳು. ಮತ್ತೆ ಏನೋ ನೆನಪಾದವಳಂತೆ, "ಅಂದ ಹಾಗೆ ಅಲ್ಲಿನ ಗೂಟ ಯಾರಾದರೂ ಕಿತ್ತಿದ್ದಾರಾ?" ಎಂದಳು.

"ಇಲ್ಲ ಇಲ್ಲ!" ಎಂದೆವು ಇಬ್ಬರೂ ಒಂದೇ ಸ್ವರದಲ್ಲಿ.

ಹೊರಗೆ ಬಂದ ಮೇಲೆ ಅಣ್ಣಯ್ಯ ಮರದ ನೆರಳಲ್ಲಿ ನಿಂತು ಕಣ್ಣು ಒರೆಸಿಕೊಂಡ. "ಕಂಡ್ಯಾ, ನನ್ ಕಲ್ಲ್ ಎಷ್ಟ್ ಗಟ್ಟಿ!" ಎಂದ. ಹೋಟೆಲಿಗೆ ಹೊಕ್ಕು ಗೋಳಿಬಜೆ ತಿಂದೆವು. ಅವನು ಎರಡನೆಯ ಪ್ಲೇಟೂ ತರಿಸಿದ. ನನಗೆ ಎಷ್ಟೋ ದಿನಗಳ ಮೇಲೆ ಹಸಿವಾಗಿತ್ತು. ಬಸ್ಸಿನಲ್ಲಿ ಬರುವಾಗ ಅವನ ಹೆಗಲ ಮೇಲೆ ತಲೆಯಿಟ್ಟು ಹಾಲಾಡಿಯ ತನಕ ನಿದ್ದೆ ಹೊಡೆದೆ.

ರಸ್ತೆ ಈಗ ಆಗಿದೆ. ನಮ್ಮ ಗದ್ದೆಯ ಅಂಚು ಹೋಯಿತು, ಅದಕ್ಕೆ ಬೇಸರವಿದೆ, ಇಲ್ಲವೆನ್ನುವುದಿಲ್ಲ. ಹೆದ್ದಾರಿ ಅಜ್ಜಿಯ ಕಾಲದ ದಾರಿಗೇ ಮರಳಿದ್ದರಿಂದ ಬಸ್ಸಿನವರಿಗೆ ಮತ್ತೆ ನಮ್ಮ ಬಚ್ಚಲು ಕಾಣುತ್ತದೆ. ಈ ಸಲ ಯಾರೂ ಗೋಡೆ ಒಡೆಸಲಿಲ್ಲ, ಮೊದಲಿನ ಬಾಗಿಲಿನ ಅಗುಳಿಗೆ ಎಣ್ಣೆ ಹಾಕಿದೆವು. ಹಿಂದಿನ ತಿರುವಿನಲ್ಲಿ ಕರುಗಳು ಡಾಂಬರಿನ ಮೇಲೆ ಮಲಗಿ ಮೆಲುಕು ಹಾಕುತ್ತವೆ. ಹಸಿರು ತಲೆಯ ಮೈಲಿಗಲ್ಲಿಗೆ ಬಳ್ಳಿ ಹಬ್ಬಿದೆ.

ಈ ವರ್ಷದ ಹೊಸ್ತಿಗೆ ಕದಿರು ತರಲು ಹೆದ್ದಾರಿಯನ್ನು ದಾಟಬೇಕಾಯಿತು, ಉಳಿದ ಗದ್ದೆ ಆಚೆ ಬದಿಗಿದೆ. ಅಣ್ಣಯ್ಯ ತಲೆಯ ಮೇಲೆ ಕದಿರಿನ ಕಟ್ಟು ಹೊತ್ತು, ಒಂದು ಕೈ ಅಡ್ಡ ಹಿಡಿದು ನಡುರಸ್ತೆಗೆ ಬಂದ. ಬಸ್ಸೊಂದು ನಿಂತಿತು. ಬೈಯುತ್ತಾನೆ ಎಂದುಕೊಂಡೆ. ಡ್ರೈವರು ಕಿಟಕಿಯಿಂದ ತಲೆ ಹಾಕಿ, "ಹ್ವಾಯ್, ನಮ್ ಬಸ್ಸಿಗೂ ಒಂದ್ ಕೊಡಿ ಮಾರಾಯ್ರೆ!" ಎಂದ. ಅಣ್ಣಯ್ಯ ಎರಡು ಕೊಟ್ಟ.

ಮನೆಗೆ ಬಂದು ಮೊದಲ ಕದಿರನ್ನು ಅವನು ಬಾಗಿಲಿಗೂ ಕಟ್ಟಲಿಲ್ಲ, ಬಾವಿಗೂ ಕಟ್ಟಲಿಲ್ಲ. ನೇರ ಗೂಟದ ಹತ್ತಿರ ಹೋದ. ಹೋದ ವರ್ಷವೇ ಅದನ್ನು ಕಿತ್ತು ತಂದು ಎರಡು ಮನೆಗಳ ನಟ್ಟನಡುವೆ, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಹೆಜ್ಜೆ ಅಳೆದು ಹೊಡೆದಿದ್ದ. ಈ ವರ್ಷದ ಕರುವನ್ನು ಅದಕ್ಕೇ ಕಟ್ಟಿದ್ದೆ. ಅದು ಕದಿರನ್ನು ತಿನ್ನಲು ಬಾಯಿ ಹಾಕಿತು, ಅಮ್ಮ ಗದರಿದಳು.

ಊಟಕ್ಕೆ ಕೂತೆವು. ಅಮ್ಮನ ಅಪ್ಪಣೆ ಪಡೆದು ಅಣ್ಣಯ್ಯನ ಮುಖವನ್ನು ನೇರ ನೋಡಿದೆ.

"ಅಣ್ಣಯ್ಯ, ಹೊಸ್ತ್ ಉಂತೆ."

"ಉಣ್ಣ್ ಹೆಣೆ," ಎಂದು, ಅವನು ತನ್ನ ಎಲೆಯ ಪಾಯಸವನ್ನೂ ನನ್ನ ಕಡೆಗೆ ಸರಿಸಿದ.