ನನ್ನ ತಂಗಿಯ ಹೆಸರು ಸುಸನ್ನಾ

ನನ್ನ ತಂಗಿಯ ಹೆಸರು ಸುಸನ್ನಾ. ಅವಳ ಲಗ್ನಪತ್ರಿಕೆಯಲ್ಲಿ ಬೇರೆ ಹೆಸರಿದೆ. ಅದನ್ನು ಅಚ್ಚು ಹಾಕಿಸಿದವನು ನಾನೇ. ಇಲ್ಲಿ ಮಾತ್ರ ಅದನ್ನು ಬರೆಯುವುದಿಲ್ಲ.

ಮಂಡ್ಯದ ಆಸ್ಪತ್ರೆಯಲ್ಲಿ ಅವಳು ಕಾಲು ಮುಂದಾಗಿ ಹುಟ್ಟಿದಳು. ತಾಯಿ ಮಗು ಇಬ್ಬರನ್ನೂ ಉಳಿಸಿದ ನರ್ಸಮ್ಮನ ಹೆಸರನ್ನೇ ಅವ್ವ ಮಗಳಿಗಿಟ್ಟಳು. ನಾನಾಗ ಎರಡನೇ ಕ್ಲಾಸು. ಮಂಚದ ಪಕ್ಕ ನಿಂತು ಕೇಳಿಸಿಕೊಂಡಿದ್ದೆ.

‘ಇದು ನಮ್ಮ ಬೈಬಲ್ಲಿನ ಹೆಸರು ಕಣಮ್ಮ. ಹೀಬ್ರೂ ಅನ್ನೋ ಹಳೇ ಭಾಷೇಲಿ ಶೋಶನ್ನಾ ಅಂತಾರೆ. ಲಿಲ್ಲಿ ಹೂವು ಅಂತ ಅರ್ಥ’ ಎಂದಿದ್ದರು ಆಕೆ.

‘ಊವೇ ತಾನೆ, ಇರ್ಲಿ ಬುಡಿ’ ಎಂದು ಅವ್ವ ನಕ್ಕಿದ್ದಳು.

ಅಪ್ಪ ಅವ್ವ ಹೋದ ಮೇಲೆ ಕಿರುಗಾವಲಿನಿಂದ ಸಂಬಂಧ ಬಂತು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನಾನೇ ಮನೆಗೆ ಹಿರಿಯ. ಜಾತಕ ಬರೆಸಿಟ್ಟ ಮನೆಗಳಲ್ಲ ನಮ್ಮವು. ಹುಡುಗ ಹುಡುಗಿಯ ಹೆಸರು ಹೇಳಿ, ಪಂಚಾಂಗದಲ್ಲಿ ಹೆಸರುಬಲ ನೋಡಿಸುತ್ತೇವೆ. ಅವರು ಸುಸನ್ನಾ ಎಂದೇ ಹೇಳಿ ನೋಡಿಸಿದರು. ಚೆನ್ನಾಗಿ ಕೂಡಿಬಂತೆಂದು ನಮ್ಮನೆಗೇ ಬಂದು ಎಲೆಅಡಿಕೆ ಬದಲಾಯಿಸಿದರು. ಅಷ್ಟರಲ್ಲಿ ಅದು ಕ್ರೈಸ್ತರ ಹೆಸರೆಂದು ಯಾರೋ ಕಿವಿ ಊದಿದ್ದರು. ಗಂಡಿನ ಚಿಕ್ಕಪ್ಪ ಅಡಿಕೆ ಅಗಿಯುತ್ತಲೇ ಶುರುಮಾಡಿದ.

‘ಅಲ್ಲಯ್ಯ, ಕಿಲಸ್ತಾನ್ರ ಎಸ್ರು ಯಾಕಿಟ್ರಿ? ನಮ್ಮಟ್ಟೀಲಿ ಇದ್ನ ಕೂಗಕ್ಕಾಯ್ತದಾ? ಪತ್ರಿಕೇಲಿ ಬ್ಯಾರೆ ಆಕ್ಸು.’

ತಂಗಿ ಒಳಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಯಾವ ಹೆಸರಿಗೆ ಬಲ ಬಂತೆಂದು ಹೆಣ್ಣು ಒಪ್ಪಿದರೋ ಅದೇ ಹೆಸರು ಬೇಡವೆನ್ನಲು ಆ ಮನುಷ್ಯನಿಗೆ ನಾಚಿಕೆಯಿಲ್ಲವೇ? ಕೇಳಬೇಕಿತ್ತು. ಸಂಬಂಧ ತಪ್ಪೀತೆಂದು ಹೆದರಿ ‘ಆಯ್ತು ಬುಡಿ’ ಅಂದುಬಿಟ್ಟೆ. ಮಾರನೆಯ ದಿನವೇ ಮಳವಳ್ಳಿಯ ಪ್ರೆಸ್ಸಿಗೆ ಹೋದೆ. ಅವಳನ್ನು ಒಂದು ಮಾತು ಕೇಳಲಿಲ್ಲ.

ಇಪ್ಪತ್ತು ವರ್ಷವಾಯಿತು. ಆಧಾರ್ ಕಾರ್ಡಿನಲ್ಲೂ ಆ ಹೊಸ ಹೆಸರೇ. ಹೋದ ತಿಂಗಳು ಅವಳ ಅಡುಗೆಮನೆಯಲ್ಲಿ ಕೂತು ತಪ್ಪೊಪ್ಪಿಕೊಂಡೆ. ಅವಳು ಮುದ್ದೆಗೆ ಹಿಟ್ಟು ತೊಳಸುತ್ತಿದ್ದಳು, ತಿರುಗಿಯೂ ನೋಡಲಿಲ್ಲ.

‘ನಂಗ್ಯಾಕಣ್ಣ ಏಳ್ತೀಯ? ನನ್ನೆಸ್ರು ನಂಗೊತ್ತಿಲ್ವಾ? ಚಿಕ್ಕಮಾವ ಜಗುಲೀಲಿ ಕುಂತವ್ರೆ, ಓಗಿ ಅವ್ರಿಗೇಳು.’

ಹೋದೆ. ಮುದುಕನ ಎದುರಿಗೇ ನಿಂತೆ.

‘ನೀವು ಬಲ ನೋಡ್ಸಿದ್ದು ಸುಸನ್ನಾ ಅನ್ನೋ ಎಸ್ರಿಗೆ. ಲಿಲ್ಲಿ ಊವು ಅಂತ ಅದ್ರರ್ಥ. ಏನ್ ತಪ್ಪಿತ್ತು ಅದ್ರಲ್ಲಿ?’

ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕ. ‘ಓಗ್ಲಾ! ಇಪ್ಪತ್ತೊರ್ಸಕ್ಕೆ ಬಾಯ್ ಬಂತಾ ನಿಂಗೆ?’

ಒಳಗೆ ಹಿಟ್ಟು ತೊಳಸುವ ಸದ್ದು ನಿಂತಿತ್ತು. ಅವಳು ಕೇಳಿಸಿಕೊಂಡಳು. ನಾನು ಹೇಳಿದ್ದನ್ನೂ, ಅವನು ಕೇಳಿದ್ದನ್ನೂ.