ಸತ್ತವಳನ್ನು ಎಬ್ಬಿಸಿ ಹಾಡಿಸಿದವರು

ದಶಮಿಯ ಮಧ್ಯಾಹ್ನ ಹಿತ್ತಲ ಕಟ್ಟೆಯ ಮೇಲೆ ಕುಳಿತು ಹುರಿದ ಶೇಂಗಾದ ಸಿಪ್ಪೆ ತಿಕ್ಕಿ ಮೊರದಲ್ಲಿ ಕೇರುತ್ತಿದ್ದೆ. ಮರುದಿನ ಏಕಾದಶಿ. ನಮ್ಮ ಮನೆಯಲ್ಲಿ ಉಪವಾಸ ಹಿಡಿಯುವವರು ಬಹಳ, ಉಪವಾಸದ ತಿಂಡಿ ಕೇಳುವವರು ಅದಕ್ಕಿಂತ ಬಹಳ. ಗಾಳಿ ಛಲೋ ಇತ್ತು, ಸಿಪ್ಪೆ ತಾನಾಗಿ ಹಾರಿ ಗೋಡೆಯಾಚೆ ಹೋಗುತ್ತಿತ್ತು. ಇಷ್ಟು ಕೆಲಸವನ್ನಾದರೂ ದೇವರು ಹಗುರ ಮಾಡಿದ ಎಂದುಕೊಳ್ಳುವಷ್ಟರಲ್ಲಿ ನಾದಿನಿ ಗುಡಿಯ ಕಡೆಯಿಂದ ಬಂದಳು. ಕೊಡ ಕೂಡ ಇಳಿಸಲಿಲ್ಲ, ಸೊಂಟದ ಮೇಲೆ ಇಟ್ಟುಕೊಂಡೇ ಹೇಳಿದಳು.

“ವೈನಿ, ಆಕೀಗೆ ಗುಡ್ಯಾಗ ಹಾಡಾಕ ಬಿಡೂದಿಲ್ಲಂತ. ಪಂಚರು ಕುಂತು ಮಾತು ಮುಗಿಸ್ಯಾರ. ನಮ್ಮ ಅಪ್ಪನ ಎಲ್ಲಾರಕಿಂತ ಮೊದಲ ಬ್ಯಾಡ ಅಂದನಂತ.”

ಮೊರ ನನ್ನ ಕೈಯಲ್ಲೇ ನಿಂತಿತು. ಆಗ ಎದ್ದ ಸಿಟ್ಟು ಇಷ್ಟು ವರ್ಷವಾದರೂ ಪೂರ್ತಿ ಇಳಿದಿಲ್ಲ. ಹರಿನಾಮ ಹೇಳುವ ಬಾಯಲ್ಲಿ ಸಿಟ್ಟಿನ ಮಾತು ಬರಬಾರದು ಎಂದು ನನಗೆ ಗೊತ್ತಿದೆ. ಆದರೆ ಕೆಲವು ಸಿಟ್ಟನ್ನು ದೇವರೇ ಕೊಟ್ಟಿರುತ್ತಾನೆ ಎಂದೂ ನಂಬಿದ್ದೇನೆ.

ಆಕೆ ಎಂದರೆ ನಾಟಕ ಕಂಪನಿಯ ದೊಡ್ಡ ಗಾಯಕಿ. ಟಾಕಿ ಸಿನೆಮಾ ಆಗಷ್ಟೇ ಬಂದಿದ್ದ ಕಾಲ ಅದು. ಹಾಗಿದ್ದರೂ ಆಕೆಯ ಪದವಿದೆ ಎಂದರೆ ಸುಳ್ಳ ಎಂಬ ಹಳ್ಳಿಯಿಂದ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರು, ಧಾರವಾಡದಿಂದ ವಕೀಲರು, ಮಾಸ್ತರರು ರೈಲು ಹತ್ತಿ ಬರುತ್ತಿದ್ದರು. ಕಂಪನಿಯವರು ಕಮರಿಪೇಟೆಯ ನಮ್ಮ ಓಣಿಯಲ್ಲಿ, ನಮ್ಮ ಹಿಂದಿನ ಮನೆಯನ್ನೇ ಬಾಡಿಗೆಗೆ ಹಿಡಿದಿದ್ದರು. ಎರಡೂ ಮನೆಗೆ ಒಂದೇ ಬಾವಿ. ಗೋಡೆಗೆ ಅಂಟಿಸಿದ ಚಿತ್ರದಲ್ಲಿ ಕಿರೀಟ ಹೊತ್ತ ರಾಣಿ. ಬಾವಿಯ ಹತ್ತಿರ ಮಾಸಿದ ಇಳಕಲ್ ಸೀರೆ ಉಟ್ಟು, ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಗ್ಗ ಎಳೆಯುವ, ನಮ್ಮಂಥದೇ ಒಂದು ಹೆಣ್ಣು. ಕೊಡ ಮೇಲೆ ಬರುವ ತನಕ ನಾವು ಮಾತಾಡುತ್ತಿದ್ದೆವು. ನಾನು ಅಡಿಗೆಯ ಮಾತು ತೆಗೆದರೆ ಆಕೆ ಕಿವಿಗೊಟ್ಟು ಕೇಳುತ್ತಿದ್ದಳು. ಊರೂರು ತಿರುಗುವವಳಿಗೆ ಒಂದು ಒಲೆ ಎಂಬುದು ಇರಲಿಲ್ಲ, ಪಾಪ.

ಒಂದು ದಿನ ಆಕೆ ತನ್ನ ಹರಕೆಯ ಮಾತು ಹೇಳಿದಳು.

“ಅಕ್ಕಾರ, ಹೋದ ಸಲ ಇದ ಊರಾಗ ನನ್ನ ದನಿ ಬಿತ್ತು. ಬಾಯಿ ತೆಗೆದ್ರ ಬರೇ ಗಾಳಿ ಬರ್ತಿತ್ತು. ನಿಮ್ಮ ಓಣಿ ವಿಠ್ಠಲನ ಗುಡಿ ಪಾವಟಿಗಿ ಮ್ಯಾಲೆ ಕುಂತು ಬೇಡಿಕೊಂಡೆ, ದನಿ ತಿರುಗಿ ಕೊಟ್ರ ಏಕಾದಶಿ ದಿನ ನಿನ್ನ ಎದುರಿಗೆ ಕುಂತು ಒಂದು ಪದಾ ಹಾಡ್ತೇನಪಾ ಅಂತ. ಕೊಟ್ಟಾನ. ಹರಕಿ ತೀರಿಸದ ಈ ಊರು ಬಿಟ್ಟು ಹ್ಯಾಂಗ ಹೋಗ್ಲಿ?”

ದ್ವಾದಶಿಯ ದಿನ ಕಂಪನಿ ಗದಗಿಗೆ ಹೊರಡುವುದು ನಿಶ್ಚಯವಾಗಿತ್ತು. ಆಕೆಗೆ ಉಳಿದದ್ದು ಅದೊಂದೇ ಏಕಾದಶಿ. ಸಂಜೆಯ ಭಜನೆ ಮುಗಿದ ಮೇಲೆ ಒಂದೇ ಒಂದು ಪದಕ್ಕೆ ಜಾಗ ಕೊಡಿರೆಂದು ಕಂಪನಿಯ ಮ್ಯಾನೇಜರರು ಬಂದು ಪಂಚರನ್ನು ಕೈಮುಗಿದು ಕೇಳಿಕೊಂಡಿದ್ದರು. ಗುಡಿಯ ಪಂಚರಲ್ಲಿ ಹಿರಿಯರು ನಮ್ಮ ಮಾವನವರು.

ಇನ್ನು ರವಿವಾರದ ಮಾತು ಹೇಳಬೇಕು. ಹೇಳದಿದ್ದರೆ ನನ್ನ ಸಿಟ್ಟು ಯಾಕೆಂದು ತಿಳಿಯುವುದಿಲ್ಲ.

ಏಕಾದಶಿಗೆ ಮುಂಚಿನ ರವಿವಾರ ಮಧ್ಯಾಹ್ನದ ಆಟಕ್ಕೆ ಅತ್ತೆಯವರು ನನ್ನನ್ನೂ ನಾದಿನಿಯನ್ನೂ ಕರೆದುಕೊಂಡು ಹೋಗಿದ್ದರು. ಹೆಂಗಸರಿಗೆ ಒಂದು ಬದಿಗೆ ಬಿದಿರ ತಟ್ಟಿಯ ಹಿಂದೆ ಜಾಗ. ಮಾವನವರು ಮುಂದಿನ ಸಾಲಿನಲ್ಲಿ, ತಲೆಗೆ ಪಟಗ ಸುತ್ತಿಕೊಂಡು, ಕೋಲು ಮೊಣಕಾಲ ನಡುವೆ ನಿಲ್ಲಿಸಿಕೊಂಡು ಖುರ್ಚಿಯ ಮೇಲೆ ಕುಳಿತಿದ್ದರು. ಆಟದ ಕೊನೆಗೆ, ಗಂಡ ಹೊರಗೆ ಹಾಕಿದ ರಾಣಿ ಹೊಳೆಯ ದಂಡೆಗೆ ಬಂದು ಕೂಡುತ್ತಾಳೆ. ನಾನು ಇಷ್ಟು ಸಲ ಕರೆದರೂ ನಿನ್ನ ಕಿವಿ ಯಾಕೆ ತೆರೆಯಲಿಲ್ಲ ಎಂದು ದೇವರನ್ನು ಕೇಳುವ ಪದ. ಅದನ್ನು ಹಾಡಿ ಪ್ರಾಣ ಬಿಡಬೇಕು.

ಆಕೆ ಹಾಡಿದಳು. ನನಗೆ ರಾಗ ತಾಳದ ಹೆಸರು ಬರುವುದಿಲ್ಲ. ಮೊದಲು ಕೆಳಗೆ, ಪಕ್ಕದಲ್ಲಿ ಕುಳಿತವರಿಗೆ ಗುಟ್ಟು ಹೇಳಿದಂತೆ ಹಾಡಿದಳು; ಆಮೇಲೆ ದನಿ ಏರಿತು. ಏರಿ ಏರಿ ಒಂದು ಕಡೆ ನಿಂತಾಗ ಥೇಟರಿನ ತಗಡಿನ ಕೆಳಗೆ ಉಸಿರಾಡುವ ಸಪ್ಪಳ ಕೂಡ ಇರಲಿಲ್ಲ. ನಮ್ಮ ಹಿಂದೆ ಒಬ್ಬ ಮುದುಕಿ ಎರಡೂ ಕೈಯಿಂದ ತನ್ನ ಮಾರಿ ಮುಚ್ಚಿಕೊಂಡಿದ್ದಳು. ಬಾಳೇವಿನಲ್ಲಿ ಎಂದೂ ಕಣ್ಣೀರು ತೋರಿಸದ ನಮ್ಮ ಅತ್ತೆಯವರು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ನನಗೆ ದೇವರ ಮನೆಯಲ್ಲಿ ಕುಳಿತಂತೆಯೇ ಆಗಿತ್ತು. ಪದ ಮುಗಿಯಿತು, ರಾಣಿ ಸತ್ತಳು.

ಗಂಡಸರು ಬಿಡಬೇಕಲ್ಲ. ‘ವನ್ಸ್ ಮೋರ್’ ಎಂದು ಒಬ್ಬರು ಕೂಗಿದರು, ಹಿಂದೆಯೇ ಇಡೀ ಥೇಟರು ಕೂಗಿತು. ಅದು ಆ ಕಾಲದ ಪದ್ಧತಿ. ಪದ ಚೆನ್ನಾಗಿದ್ದರೆ ಮತ್ತೊಮ್ಮೆ ಹಾಡಬೇಕು, ಸತ್ತವಳಾದರೂ ಎದ್ದು ಕುಳಿತು ಹಾಡಿ ಮತ್ತೆ ಸಾಯಬೇಕು. ಆಕೆ ಎದ್ದಳು, ಹಾಡಿದಳು, ಸತ್ತಳು. ಮತ್ತೆ ಕೂಗಿದರು. ಮತ್ತೆ ಎದ್ದಳು. ಈ ಸಲ ಮೇಲಿನ ದನಿಯಲ್ಲಿ ಒಂದು ಬಿರುಕು ಬಿಟ್ಟದ್ದು ನನ್ನ ಕಿವಿಗೆ ತಿಳಿಯಿತು. ಆಕೆ ಗಂಟಲಿನ ಮೇಲೆ ಕೈ ಇಟ್ಟುಕೊಂಡದ್ದನ್ನು ಎಲ್ಲರೂ ಕಂಡರು. ಕಂಡು, ಅದೂ ಅಭಿನಯ ಎಂದು ಇನ್ನಷ್ಟು ಚಪ್ಪಾಳೆ ಹೊಡೆದರು.

ಮತ್ತೂ ಕೂಗು ಎದ್ದಿತು. ನಮ್ಮ ಹಿಂದಿನ ಮುದುಕಿ ತಟ್ಟಿಗೆ ಬಾಯಿ ಹಚ್ಚಿ, “ಸಾಯಾಕರ ಬಿಡ್ರ್ಯೋ ಆಕೀನ” ಎಂದಳು. ಸುತ್ತಲಿನ ಹೆಂಗಸರು ಅಳುತ್ತಲೇ ನಕ್ಕರು. ಮುಂದಿನ ಸಾಲಿನಲ್ಲಿ ಎದ್ದುನಿಂತು ಕೋಲಿನಿಂದ ನೆಲ ಕುಟ್ಟುತ್ತ ಕೂಗುತ್ತಿದ್ದವರು ನಮ್ಮ ಮಾವನವರು. ಆಕೆ ಈ ಸಲ ಏಳಲಿಲ್ಲ. ಪರದೆ ಬಿತ್ತು. ಮಂದಿ ಶಿಳ್ಳೆ ಹೊಡೆದರು, ಖುರ್ಚಿ ಒದ್ದರು.

ಓಣಿಯ ತುಂಬ ಅದೇ ಮಾತು. ಇಂಥ ಪದ ಕೇಳಿದ್ದೇ ಇಲ್ಲ ಎನ್ನುವವರೇ ಮುಂದಿನ ಉಸಿರಿಗೆ ಆಕೆಗೆ ಸೊಕ್ಕು ಎನ್ನುತ್ತಿದ್ದರು. ಮಾವನವರು ಎರಡು ದಿನ ಊಟಕ್ಕೆ ಕುಳಿತಾಗಲೆಲ್ಲ ಆ ಸೊಕ್ಕಿನ ಮಾತನ್ನೇ ಉಪ್ಪಿನಕಾಯಿಯಂತೆ ನಂಜಿಕೊಂಡರು. ಆಕೆ ಬಾವಿಗೆ ಬಂದಾಗ ಮಾತಾಡಲಿಲ್ಲ. ಗಂಟಲು ತೋರಿಸಿ ಕೈ ಅಲ್ಲಾಡಿಸಿದಳು. ಏಕಾದಶಿಯ ತನಕ ಬಾಯಿ ಬಿಡುವುದಿಲ್ಲ ಎಂದು ಸನ್ನೆ ಮಾಡಿದಳು. ಆ ವಾರದ ಆಟಗಳಲ್ಲಿ ಬೇರೆ ಹೆಣ್ಣು ನಿಂತು ಹಾಡಿತು. ಅತ್ತೆಯವರು ಜ್ಯೇಷ್ಠಮಧು ಹಾಕಿ ಕುದಿಸಿದ ನೀರನ್ನು ನನ್ನ ಕೈಯಲ್ಲಿ ದಿನವೂ ಕಳಿಸಿದರು. ಉಳಿದ ದನಿಯನ್ನು ಆಕೆ ದೇವರಿಗಾಗಿ ಕಾಯ್ದಿಟ್ಟುಕೊಂಡಿದ್ದಳು, ನಮ್ಮ ಪಂಚರು ಬೇಡ ಎಂದಿದ್ದರು. ಇದು ನಡೆದ ಸಂಗತಿ.

ಶೇಂಗಾದ ಮೊರ ಹಾಗೆಯೇ ಇಟ್ಟು ನಾನು ಒಳಗೆ ಹೋದೆ. ಮಾವನವರು ಪಡಸಾಲೆಯಲ್ಲಿ ಎಲೆ ಹಾಕಿಕೊಳ್ಳುತ್ತಿದ್ದರು. ಆಗ ಸೊಸೆ ಮಾವನ ಜೊತೆ ನೇರವಾಗಿ ಮಾತಾಡುವಂತಿರಲಿಲ್ಲ. ಹೇಳುವುದಿದ್ದರೆ ಅಡಿಗೆ ಮನೆಯ ಬಾಗಿಲ ಹಿಂದೆ ನಿಂತು ಅತ್ತೆಗೆ ಹೇಳಬೇಕು, ಪಡಸಾಲೆಗೆ ಕೇಳುವಂತೆ. ಅವರೂ ಅತ್ತೆಗೇ ಉತ್ತರ ಕೊಡಬೇಕು, ಅಡಿಗೆ ಮನೆಗೆ ಕೇಳುವಂತೆ. ಅತ್ತೆಯವರು ಇಬ್ಬರ ನಡುವೆ ತವೆಯ ಮೇಲೆ ಕೈಯಾಡಿಸುತ್ತ ಸುಮ್ಮನೆ ಇರಬೇಕು.

“ಅತ್ತಿ, ರವಿವಾರ ಆಕಿ ದೇವರನ್ನ ಕರೆಯೋ ಮುಂದ ಆಕಿ ನಾಟಕದಾಕಿ ಅನ್ನೋದು ಯಾರಿಗೂ ನೆನಪಾಗ್ಲಿಲ್ಲೇನ್ರಿ?”

ಪಡಸಾಲೆಯಲ್ಲಿ ಅಡಕತ್ತರಿಯ ಸಪ್ಪಳ ನಿಂತಿತು.

“ಹೇಳ ಆಕೀಗೆ. ಅದು ಥೇಟರ, ಇದು ಗುಡಿ. ಅಂಥಾಕೀನ ಒಳಗ ಕುಂಡ್ರಿಸಿದ್ರ ನಾಳೆ ಗುಡೀನೂ ಥೇಟರ ಆಗ್ತದ. ಶಿಳ್ಳಿ ಹೊಡೆಯೋ ಮಂದಿ ಒಳಗ ಬರ್ತಾರ.”

“ಶಿಳ್ಳಿ ಹೊಡೆದವರು, ನೆಲಾ ಕುಟ್ಟಿದವರು ಯಾರ್ಯಾರು ಅನ್ನೋದು ತಟ್ಟಿ ಹಿಂದಿನಿಂದ ಛಲೋ ಕಾಣ್ತಿತ್ರಿ, ಅತ್ತಿ.”

ಮಾವನವರು ಕೋಲು ತೆಗೆದುಕೊಂಡು ಹೊರಗೆ ಹೋದ ಸಪ್ಪಳ ಬಂತು. ಸಂಜೆ ನಮ್ಮ ಮನೆಯವರು ರೈಲ್ವೆ ಕಾರಖಾನೆಯಿಂದ ಬಂದು ಎಲ್ಲ ಕೇಳಿ, ಹಿರಿಯರು ಮಾಡಿದ್ದಕ್ಕೆ ನೀ ಯಾಕೆ ನಡುವೆ ಬಾಯಿ ಹಾಕಿದಿ ಎಂದಷ್ಟೇ ಕೇಳಿದರು. ಬಯ್ಯಲಿಲ್ಲ. ಆ ದಿನದ ಮಟ್ಟಿಗೆ ಅದೂ ಒಂದು ಪುಣ್ಯವೇ.

ದಾರಿ ತೋರಿಸಿದವರು ಅತ್ತೆಯವರು. ಏಕಾದಶಿಯ ದಿನ ಸಂಜೆಯ ಭಜನೆ ಗಂಡಸರದು, ಪಂಚರ ಆಡಳಿತ ಅದಕ್ಕೆ. ಮಧ್ಯಾಹ್ನದ ಭಜನೆ ಹೆಂಗಸರದು. ಅತ್ತೆಯವರ ಅತ್ತೆಯ ಕಾಲದಿಂದ ಅದಕ್ಕೆ ಯಾವ ಪಂಚರೂ ಬಂದದ್ದಿಲ್ಲ, ಯಾರು ಕುಳಿತರು, ಯಾರು ಹೇಳಿದರು ಎಂದು ಕೇಳಿದ್ದಿಲ್ಲ. ಅಲ್ಲಿ ಒಬ್ಬಳು ಹೇಳಿಕೊಡುತ್ತಾಳೆ, ಉಳಿದವರು ಹಿಂದೆ ಹೇಳುತ್ತಾರೆ, ಸರದಿಯಂತೆ ಎಲ್ಲರಿಗೂ ಬರುತ್ತದೆ. “ಓಣ್ಯಾಗಿನ ಹೆಂಗಸರೆಲ್ಲಾ ಬರ್ತಾರ. ಆಕಿನೂ ಈಗ ನಮ್ಮ ಓಣಿಯಾಕಿನ ಹೌದಲ್ಲ” ಎಂದು ಅತ್ತೆಯವರು ಹಿಟ್ಟು ನಾದುತ್ತಲೇ ಹೇಳಿದರು. ನಾನು ಆ ಹೊತ್ತಿನಲ್ಲೇ ಬಾವಿಯ ಕಡೆಯಿಂದ ಹೋಗಿ ಆಕೆಗೆ ತಿಳಿಸಿ ಬಂದೆ. ಆಕೆ ಆಗಲೂ ಬಾಯಿ ಬಿಡಲಿಲ್ಲ. ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ಏಕಾದಶಿಯ ಮಧ್ಯಾಹ್ನ ಆಕೆ ಬಂದಳು. ಹೂ ಇಲ್ಲ, ಒಡವೆ ಇಲ್ಲ, ಕೈಯಲ್ಲಿ ಒಂದು ತೆಂಗಿನಕಾಯಿ. ಒಬ್ಬಿಬ್ಬರು ಹೆಂಗಸರು ಸರಿದು ಕುಳಿತರು. ಯಾತಕ್ಕೆ ಸರಿದರೆಂದು ನನಗೆ ತಿಳಿಯಿತು, ಆಕೆಗೂ ತಿಳಿದಿರಬೇಕು. ಅತ್ತೆಯವರು ತಮ್ಮ ಮಗ್ಗುಲಲ್ಲಿ ಜಾಗ ಮಾಡಿ ಕೂಡಿಸಿಕೊಂಡರು. ವಿಠ್ಠಲ ನೇರ ಎದುರಿಗೆ ಕಾಣುತ್ತಿದ್ದ. ಸರದಿ ಆಕೆಗೆ ಬರುವ ತನಕ ನನಗೆ ಇದ್ದದ್ದು ಒಂದೇ ಭಯ, ಇಷ್ಟೆಲ್ಲ ಆದ ಮೇಲೆ ಬಾಯಿ ತೆರೆದಾಗ ಬರೀ ಗಾಳಿ ಬಂದರೆ ಗತಿ ಏನು?

ಆಕೆ ನಮಗೆಲ್ಲ ಬರುವ ಒಂದು ಹಳೆಯ ಭಜನೆ ಪದ ಎತ್ತಿದಳು, ನಾವು ಬೀಸುವಾಗ ಹೇಳಿಕೊಳ್ಳುವಂಥದು. ದನಿ ಮೊದಲು ಒರಟಾಗಿತ್ತು. ಒಂದೆರಡು ಸಾಲು ನಾವು ಹಿಂದೆ ಹೇಳಿದೆವು. ಬರಬರುತ್ತ ದನಿ ತಿಳಿಯಾಯಿತು. ನಾವು ಹಿಂದೆ ಹೇಳುವುದನ್ನು ಯಾವಾಗ ಬಿಟ್ಟೆವೋ ಗೊತ್ತಿಲ್ಲ, ತಾಳ ಹಿಡಿದವಳ ಕೈ ಕೂಡ ನಿಂತಿತ್ತು. ಸರಿದು ಕುಳಿತಿದ್ದವಳೊಬ್ಬಳು ತನಗರಿವಿಲ್ಲದೆ ಮುಂದೆ ಬಂದಿದ್ದಳು. ಪದ ಮೇಲೇರುವ ಕಡೆ ಆಕೆ ಗಂಟಲಿನ ಮೇಲೆ ಅಂಗೈ ಇಟ್ಟುಕೊಂಡಳು. ನಾನು ಕಣ್ಣು ಮುಚ್ಚಿಕೊಂಡೆ. ದನಿ ಏರಿತು, ನಿಂತಿತು, ಒಡೆಯದೆ ಕೆಳಗಿಳಿದು ಬಂತು. ಆಕೆ ಮುಗಿಸಿ ಕೈ ಜೋಡಿಸಿದಳು. ನಾವೂ ಕೈ ಜೋಡಿಸಿದೆವು. ಪದ ಮೆಚ್ಚಿತೆಂದು ದೇವರ ಮುಂದೆ ಚಪ್ಪಾಳೆ ಹೊಡೆಯುವುದಿಲ್ಲ, ಅದು ನಮಗೆ ಯಾರೂ ಕಲಿಸದೆ ಬರುವ ರೀತಿ.

ಅಷ್ಟರಲ್ಲಿ ಹೊರಗಿನ ಕಟ್ಟೆಯಿಂದ ಕೂಗು ಬಂತು, “ವನ್ಸ್ ಮೋರ್.”

ನೆಲಕ್ಕೆ ಕೋಲು ಕುಟ್ಟಿದ ಸಪ್ಪಳವೂ ಬಂತು. ನೋಡುವುದೇ ಬೇಕಿರಲಿಲ್ಲ. ಆದರೂ ತಿರುಗಿ ನೋಡಿದೆ. ಬಾಗಿಲಾಚೆ ಕಟ್ಟೆಯ ಮೇಲೆ ಪಂಚರು ಸಾಲಾಗಿ ಕುಳಿತಿದ್ದರು. ದನಿ ಕೇಳಿ ಯಾವಾಗ ಬಂದು ಕುಳಿತರೋ. ಮಾವನವರ ಬಾಯಿ ಇನ್ನೂ ತೆರೆದೇ ಇತ್ತು. ತಾವು ಎಲ್ಲಿ ಕುಳಿತು ಏನು ಕೂಗಿದೆವು ಎನ್ನುವುದು ಅವರಿಗೆ ಆಗ ತಿಳಿಯುತ್ತಿತ್ತು. ಅವರ ಪಕ್ಕದವರಿಗೆ ಅಷ್ಟೂ ತಿಳಿಯಲಿಲ್ಲ, ಅವರೂ ಕೂಗಿದರು.

ಆಕೆಯ ಮಾರಿ ಬಿಳಿಚಿಕೊಂಡಿತು. ರೂಢಿ ಎನ್ನುವುದು ಎಂಥದು ನೋಡಿರಿ, ಕೂಗು ಕೇಳಿದ್ದೇ ತಡ ಬೆನ್ನು ನೆಟ್ಟಗೆ ಮಾಡಿ ಉಸಿರು ತೆಗೆದುಕೊಂಡಳು, ಮತ್ತೆ ಹಾಡಲು. ಅತ್ತೆಯವರು ಆಕೆಯ ತೊಡೆಯ ಮೇಲೆ ಕೈ ಇಟ್ಟರು.

“ಬ್ಯಾಡವ್ವಾ. ನೀ ಯಾರಿಗೆ ಹಾಡಿದ್ಯೋ ಅಂವ ಮತ್ತ ಕೇಳಿಲ್ಲ.”

ನಾನು ಎದ್ದೆ. ಸೆರಗು ತಲೆಯ ಮೇಲೆ ಎಳೆದುಕೊಂಡು ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋಗಿ ಗುಡಿಯ ಎರಡೂ ಕದ ಮುಂದೆ ಮಾಡಿ ಅಗಳಿ ಹಾಕಿದೆ. ಮಾವನವರು ಎದುರಿಗೇ ಇದ್ದರು. ನನ್ನ ಬಾಳೇವಿನಲ್ಲಿ ಅವರ ಮಾರಿಯನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಒಳಗೆ ನಾವು ಆರತಿ ಮಾಡಿದೆವು. ಆಕೆ ಗರ್ಭಗುಡಿಯ ಹೊಸ್ತಿಲಿಗೆ ಹಣೆ ಹಚ್ಚಿ ಬಹಳ ಹೊತ್ತು ಹಾಗೆಯೇ ಇದ್ದಳು. ಕಾಯಿ ಒಡೆಯಿತು, ಒಂದೇ ಪೆಟ್ಟಿಗೆ, ಒಳಗೆ ಅಚ್ಚ ಬಿಳಿ. ದನಿ ಉಳಿಯಿತು, ಹರಕೆ ತೀರಿತು. ಮರುದಿನ ಆಕೆ ಗದಗಿಗೆ ಹೋಗುವಾಗ ಅವಳ ಮೇಲೆ ದೇವರ ಬಾಕಿ ಏನೂ ಇರಲಿಲ್ಲ. ಇಷ್ಟನ್ನು ನಾನು ಈಗಲೂ ನೆನೆದು ಕೈ ಮುಗಿಯುತ್ತೇನೆ.

ಆದರೆ ಸಿಟ್ಟು ಬೇರೆ, ಅದು ಹೋಗಲಿಲ್ಲ. ಸಾಯುವ ಹೆಣ್ಣನ್ನು ಎಬ್ಬಿಸಿ ಹಾಡಿಸುವುದು ರಸಿಕತನವಂತೆ, ಗಂಟಲು ಹರಿದು ಏಳಲಾರದೆ ಹೋದರೆ ಸೊಕ್ಕಂತೆ, ದೇವರ ಹೆಸರು ಹೇಳುತ್ತೇನೆ ಎಂದರೆ ಮೈಲಿಗೆಯಂತೆ. ಕೊನೆಗೆ ಗುಡಿಯನ್ನು ಥೇಟರ ಮಾಡಿದವರು ಯಾರು? ಒಳಗೆ ಕುಳಿತವಳಲ್ಲ.

ಹೊತ್ತು ಇಳಿಯುವ ಮುಂಚೆ ಮಾವನವರು ಮನೆಗೆ ಬಂದರು. ತಾವು ಕೂಗಿದ ಮಾತು ಎತ್ತಲಿಲ್ಲ. ಪಡಸಾಲೆಯಿಂದಲೇ ಅತ್ತೆಗೆ ಹೇಳಿದರು.

“ಹಿರೇರ ಮಾರಿ ಮ್ಯಾಲೆ ಬಾಗಿಲಾ ಹಾಕಿದ ಕೈಲೆ ಬಡಿಸಿದ್ದು ನಾ ಉಣ್ಣೂದಿಲ್ಲ. ನಾಳೆ ಪಾರಣಿನೂ ಬ್ಯಾಡ. ಹೇಳಾಕೀಗೆ.”

“ಆಕೀಗೆ ಕೇಳೇತ್ರಿ,” ಎಂದರು ಅತ್ತೆಯವರು.

ಕೇಳಿತ್ತು. ನಾನು ಕ್ಷಮೆ ಕೇಳಲಿಲ್ಲ. ಉಪವಾಸ ಬಿಡುವ ದ್ವಾದಶಿಯ ಪಾರಣೆಗೆ ಬೆಳಗಾಗುವುದರೊಳಗೆ ಖಿಚಡಿ ಆಗಬೇಕು, ಬೆಳಕಿದ್ದಾಗಲೇ ಹೆಸರುಬೇಳೆಯಲ್ಲಿನ ಹರಳು ಆರಿಸಿಡಬೇಕಿತ್ತು. ಉಣ್ಣುವವರು, ಉಣ್ಣದವರು ಎಲ್ಲರಿಗೂ ಆಗುವಷ್ಟು ಬೇಳೆ ಗಂಗಾಳಕ್ಕೆ ಸುರುವಿಕೊಂಡು ಹಿಂದಿನ ಬಾಗಿಲಿಗೆ ಬಂದು ಕುಳಿತೆ.